ಕರೆಂಟ್ ಹೋಗ್ಯಾದೇನು? ಮನೆಯಲ್ಲಿ ಮೇಣದಬತ್ತಿ ಹಚ್ಚಿದ ನನ್ನ ಅನುಭವ

ಮೊದಲ ಸಲ ಪಡಸಾಲೆಯಲ್ಲಿ ಹನ್ನೆರಡು ಮೇಣದಬತ್ತಿ ಹಚ್ಚಿ, ಟ್ಯೂಬ್‌ಲೈಟ್ ಆರಿಸಿ, ಯಾರು ಏನಂತಾರೆ ಅಂತ ಕಾಯುತ್ತಾ ನಿಂತೆ. ಒಳಗಿನಿಂದ ಬಂದ ಅತ್ತೆ ಕೇಳಿದ್ದು ಒಂದೇ ಮಾತು. "ಯವ್ವಾ, ಕರೆಂಟ್ ಹೋಗ್ಯಾದೇನು?"

ಅವರ ತಪ್ಪೇನೂ ಇಲ್ಲ. ನಮ್ಮ ಕಲಬುರಗಿ ಕಡೆ ಹಿರಿಯರಿಗೆ ಮೊಂಬತ್ತಿ ಅಂದರೆ ಕತ್ತಲಾದಾಗ ಹುಡುಕುವ ಸಾಮಾನು. ಬೆಂಕಿಪೊಟ್ಟಣದ ಜೊತೆ ಒಂದು ಹಳೇ ಡಬ್ಬಿಯಲ್ಲಿ ಬಿದ್ದಿರುತ್ತದೆ. ಬೇಕಾದಾಗ ತಾಟಿಗೆ ನಾಲ್ಕು ಹನಿ ಮೇಣ ಇಳಿಸಿ, ಅದರ ಮೇಲೆ ಒತ್ತಿ ನಿಲ್ಲಿಸಿದರೆ ಆಯಿತು. ಲೈಟು ಇದ್ದೂ ಆರಿಸಿ ಮೊಂಬತ್ತಿ ಹಚ್ಚುವ ಸೊಸೆಯನ್ನು ಅವರು ನೋಡಿದ್ದು ಅದೇ ಮೊದಲು.

ಅವತ್ತು ಹಚ್ಚಿದ ಹನ್ನೆರಡರಲ್ಲಿ ಐದು ನಿಮಿಷಕ್ಕೆ ಏಳು ಆರಿದವು. ಉಳಿದ ಐದೂ ಒಂದೇ ಕಡೆ ವಾಲಿ ಉರಿದು, ಪಕ್ಕ ಕರಗಿ ಮೇಣವೆಲ್ಲ ಟೀಪಾಯಿ ಮೇಲೆ ಹರಿಯಿತು. ಕಾರಣ ತಲೆ ಮೇಲೇ ತಿರುಗುತ್ತಿತ್ತು. ಫ್ಯಾನು! ಫೋನಿನಲ್ಲಿ ನಾನು ನೋಡಿದ ವಿಡಿಯೊಗಳಲ್ಲಿ ಯಾರ ಮನೆಯಲ್ಲೂ ಫ್ಯಾನ್ ತಿರುಗುತ್ತಿರಲಿಲ್ಲ. ನಮ್ಮಲ್ಲಿ ದಸರೆಗೂ ಫ್ಯಾನ್ ಇಲ್ಲದೆ ಕೂರೋಕೆ ಆಗಲ್ಲ. ಗಾಳಿ ಬಡಿದ ದೀಪ ಬೇಗ ಉರಿಯುತ್ತದೆ, ಕಪ್ಪು ಹೊಗೆ ಬಿಡುತ್ತದೆ, ಗೋಡೆಗೆ ಮಸಿ ಹಚ್ಚುತ್ತದೆ. ಹಾಗಾಗಿ ಒಂದು ತೀರ್ಮಾನಕ್ಕೆ ಬಂದೆ. ನಮ್ಮೂರಲ್ಲಿ ಮೇಣದಬತ್ತಿ ಅಲಂಕಾರಕ್ಕೆ ಹಂಗಾಮು ಅಂತ ಒಂದಿದೆ, ದೀಪಾವಳಿಯಿಂದ ಸಂಕ್ರಾಂತಿವರೆಗೆ. ಆಮೇಲೆ ಮಾಡುವುದಿದ್ದರೆ ಫ್ಯಾನ್ ಇಲ್ಲದ ಜಾಗದಲ್ಲಿ, ಅಂದರೆ ಮೆಟ್ಟಿಲು, ಅಂಗಳ, ಮಾಳಿಗೆಯಲ್ಲಿ.

ಜಾಗದ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ಕರೆಂಟ್ ಹೋಯಿತೇನು ಅಂದ ಅದೇ ಅತ್ತೆ. ನಮ್ಮದು ಹಳೇ ಮನೆ. ದಪ್ಪ ಕಲ್ಲಿನ ಗೋಡೆ, ಗೋಡೆಯಲ್ಲಿ ಅಲ್ಲಲ್ಲಿ ಮಾಡ, ಅಂದರೆ ಗೂಡು. ಒಂದರಲ್ಲಿ ಕನ್ನಡಕ, ಗುಳಿಗೆ. ಇನ್ನೊಂದರಲ್ಲಿ ಬಾಚಣಿಕೆ, ಬೀಗದ ಕೈ. "ಅದರಾಗ ಇಡು. ನಾವು ಚಿಮಣಿ ಇಡೂದು ಅಲ್ಲೇ ಇತ್ತು" ಅಂದರು. ಸಾಮಾನು ತೆಗೆದು ನೋಡಿದರೆ ಮಾಡದ ಮೇಲುಭಾಗ ಇನ್ನೂ ಕಪ್ಪಗಿತ್ತು. ಸೀಮೆಎಣ್ಣೆ ಚಿಮಣಿಯ ಮಸಿ, ಎಷ್ಟು ವರ್ಷದ್ದೋ. ಕೆರೆದು, ಒಳಗೆ ಮಾತ್ರ ಬಿಳಿ ಸುಣ್ಣ ಹೊಡೆದೆ. ಒಂದು ಗಿಡ್ಡ ದಪ್ಪನೆ ಮೇಣದಬತ್ತಿ ಇಟ್ಟು ಹಚ್ಚಿದೆ. ಮೂರು ಕಡೆ ಗೋಡೆ ಇರುವುದರಿಂದ ಗಾಳಿ ತಾಕುವುದಿಲ್ಲ, ಜ್ವಾಲೆ ಅಲ್ಲಾಡದೆ ನಿಲ್ಲುತ್ತದೆ. ಸುಣ್ಣದ ಬಿಳುಪಿಗೆ ಬೆಳಕು ಬಡಿದು ಇಡೀ ಮಾಡವೇ ಒಂದು ದೀಪದ ಹಾಗೆ ಕಾಣುತ್ತದೆ. ಟೇಬಲ್ ಮೇಲಿನ ಹನ್ನೆರಡು ಬತ್ತಿಗಿಂತ ಮಾಡದೊಳಗಿನ ಒಂದು ಬತ್ತಿ ಜಾಸ್ತಿ ಬೆಳಕು ಕೊಟ್ಟ ಹಾಗನಿಸಿತು. ಬತ್ತಿಗೂ ಮಾಡದ ಮೇಲುಭಾಗಕ್ಕೂ ಒಂದು ಗೇಣಿಗಿಂತ ಜಾಸ್ತಿ ಅಂತರ ಇರಲಿ, ಇಲ್ಲದಿದ್ದರೆ ಹೊಸ ಸುಣ್ಣಕ್ಕೂ ಮಸಿ ಹಿಡಿಯುತ್ತದೆ.

ದಪ್ಪ ಬತ್ತಿಗೆ ಒಂದು ಚಾಳಿ ಇದೆ. ಮೊದಲ ಸಲ ಹಚ್ಚಿದಾಗ ಮೇಲಿನ ಮೇಣ ಅಂಚಿನವರೆಗೂ ಕರಗುವ ತನಕ ಆರಿಸಬಾರದು. ಎರಡು ಇಂಚು ಅಗಲದ್ದಾದರೆ ಹೆಚ್ಚುಕಡಿಮೆ ಎರಡು ತಾಸು. ಬೇಗ ಆರಿಸಿದರೆ ನಡುವೆ ಬಾವಿ ಬೀಳುತ್ತದೆ. ಮುಂದಿನ ಸಲವೂ ಆ ಬಾವಿಯೊಳಗೇ ಉರಿದು, ಸುತ್ತಲಿನ ಮೇಣ ಹಾಗೇ ಉಳಿಯುತ್ತದೆ. ಪ್ರತಿ ಸಲ ಹಚ್ಚುವ ಮುಂಚೆ ನಡುವಿನ ಉರಿಯುವ ದಾರವನ್ನು ಅರ್ಧ ಸೆಂಟಿಮೀಟರ್‌ನಷ್ಟು ಬಿಟ್ಟು ಕತ್ತರಿಸುತ್ತೇನೆ. ಉಗುರು ಕತ್ತರಿ ಸಾಕು. ದಾರ ಉದ್ದ ಇದ್ದರೆ ಜ್ವಾಲೆ ದೊಡ್ಡದಾಗಿ ಹೊಗೆ ಬರುತ್ತದೆ.

ಬತ್ತಿಯ ಕೆಳಗೆ ಇಡಲು ತಟ್ಟೆ ಹುಡುಕುತ್ತಿದ್ದೆ. ಶಹಾಬಾದ್ ಕಲ್ಲಿನ ಊರಲ್ಲಿದ್ದು ತಟ್ಟೆ ಯಾಕೆ ಕೊಳ್ಳಬೇಕು ಅನಿಸಿತು. ಫರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಹಾಕುವ ಕಡೆ ಕತ್ತರಿಸಿ ಬಿಸಾಕಿದ ತುಂಡುಗಳನ್ನು ಕೇಳಿದೆ, ಸುಮ್ನೆ ಕೊಟ್ಟರು. ಅಂಚು ಒರಟಾಗಿರುವ ಬೂದು ಕಲ್ಲಿನ ಮೇಲೆ ಬಿಳಿ ಬತ್ತಿ ತುಂಬಾ ಚಂದ ಕಾಣುತ್ತದೆ. ಆದರೆ ಒಂದು ಎಡವಟ್ಟು ಮಾಡಿಕೊಂಡೆ. ನೆಲದ ಫರಸಿ ಮೇಲೆ ಬಿದ್ದ ಮೇಣ ಕೆರೆದ ಮೇಲೆ ಜಿಡ್ಡಿನ ಕಲೆ ಉಳಿಯಿತು. ಪಾತ್ರೆಗೆ ಹಚ್ಚುವ ಹಾಗೆ ನಿಂಬೆಹೋಳು ಹಚ್ಚಿ ತಿಕ್ಕಿದೆ. ಕಲೆ ಹೋಗಲಿಲ್ಲ, ಕಲ್ಲಿನ ಹೊಳಪು ಹೋಯಿತು! ಶಹಾಬಾದ್ ಕಲ್ಲು ಸುಣ್ಣಕಲ್ಲಿನ ಜಾತಿ, ಹುಳಿ ಅದನ್ನು ತಿನ್ನುತ್ತದೆ. ಪಡಸಾಲೆ ನಡುವೆ ಅಂಗೈಯಗಲದ ಬಿಳಿ ಮಚ್ಚೆ ಇವತ್ತಿಗೂ ಇದೆ, ಅದರ ಮೇಲೊಂದು ಚಾಪೆ ಇದೆ. ಈಗ ಮೇಣ ಬಿದ್ದರೆ ಐಸ್ ತುಂಡು ಇಟ್ಟು ಗಟ್ಟಿ ಮಾಡಿ, ಹಳೇ ಎಟಿಎಂ ಕಾರ್ಡಿನಿಂದ ಕೆರೆಯುತ್ತೇನೆ. ಉಳಿದ ಜಿಡ್ಡಿನ ಮೇಲೆ ಬಿಳಿ ಕಾಗದ ಹಾಕಿ ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಕಾಗದ ಅದನ್ನು ಹೀರಿಕೊಳ್ಳುತ್ತದೆ. ಬಟ್ಟೆಗೂ ಇದೇ ಉಪಾಯ.

ಉದ್ದನೆ ತೆಳು ಬತ್ತಿಗೆ ನಮ್ಮ ಮನೆಯಲ್ಲಿ ಮದುವೆಗೆ ಬಂದ ಒಂದು ಜೊತೆ ಬಿದ್ರಿ ಸ್ಟ್ಯಾಂಡ್ ಇದ್ದವು. ಷೋಕೇಸಿನಲ್ಲಿ ಧೂಳು ತಿನ್ನುತ್ತಿದ್ದವು. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿದ ಎರಕ, ಅದರಲ್ಲಿ ಬೆಳ್ಳಿ ಕೂರಿಸಿದ ಬಳ್ಳಿ. ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿ ಹಚ್ಚಿದಾಗ ಎರಕ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಹಗಲಲ್ಲಿ ಆ ಬೆಳ್ಳಿ ಗೆರೆ ಅಷ್ಟೊಂದು ಎದ್ದು ಕಾಣುವುದಿಲ್ಲ. ಬತ್ತಿ ಹಚ್ಚಿ ನೋಡಿ. ಕಪ್ಪು ಕತ್ತಲಲ್ಲಿ ಸೇರಿಹೋಗಿ ಬಳ್ಳಿ ಒಂದೇ ಗಾಳಿಯಲ್ಲಿ ನಿಂತ ಹಾಗಿರುತ್ತದೆ. ಬಣ್ಣದ ಬತ್ತಿ ಇಟ್ಟು ನೋಡಿದೆ, ಸರಿ ಬರಲಿಲ್ಲ. ಬಿಳಿಯೇ ಆಗಬೇಕು. ಬುಡ ದಪ್ಪ ಆಗಿ ತೂತಿಗೆ ಹೋಗದಿದ್ದರೆ ಚಾಕುವಿನಿಂದ ಕೆತ್ತಬೇಡಿ, ಸೀಳುತ್ತದೆ. ಬಿಸಿನೀರಲ್ಲಿ ಬುಡ ಅದ್ದಿ, ಮೆತ್ತಗಾದ ಮೇಲೆ ಒತ್ತಿದರೆ ಕೂರುತ್ತದೆ. ಸ್ಟ್ಯಾಂಡಿಗೆ ಹತ್ತಿದ ಮೇಣವನ್ನು ಉಗುರುಬೆಚ್ಚಗಿನ ನೀರಿನ ಬಟ್ಟೆಯಿಂದ ಮೆತ್ತಗೆ ಮಾಡಿ ಒರೆಸಬೇಕು. ಹುಣಸೆಹಣ್ಣು, ಹಿತ್ತಾಳೆ ತಿಕ್ಕುವ ಪುಡಿ ಹತ್ತಿರಕ್ಕೂ ತರಬೇಡಿ, ಕಪ್ಪು ಕಿತ್ತು ಬರುತ್ತದೆ.

ಇನ್ನು ತಗಡಿನ ಪುಟ್ಟ ಬಟ್ಟಲಲ್ಲಿ ಬರುವ ಗಿಡ್ಡ ಬತ್ತಿಗಳು, ಅಂದರೆ ಟೀ ಲೈಟ್‌ಗಳು. ಅಗ್ಗ, ಮೂರ್ನಾಲ್ಕು ತಾಸು ಉರಿಯುತ್ತವೆ, ಎಲ್ಲಿ ಬೇಕಾದರೂ ಕೂರುತ್ತವೆ. ನನ್ನನ್ನು ಜಾಸ್ತಿ ಹೆದರಿಸಿದ್ದೂ ಅವೇ. ಮಗಳ ಹುಟ್ಟುಹಬ್ಬಕ್ಕೆ ದೊಡ್ಡ ತಾಟಿನಲ್ಲಿ ಇಪ್ಪತ್ತೊಂದು ಟೀ ಲೈಟ್ ಒಂದಕ್ಕೊಂದು ತಾಗಿಸಿ ಹೂವಿನ ಆಕಾರದಲ್ಲಿ ಇಟ್ಟಿದ್ದೆ. ಅರ್ಧ ಗಂಟೆ ಚಂದ ಇತ್ತು. ಆಮೇಲೆ ಒಂದರ ಕಾವು ಇನ್ನೊಂದಕ್ಕೆ ತಾಗಿ ಎಲ್ಲದರ ಮೇಣವೂ ನೀರಾಗಿ ಕುದಿಯುವ ಹಾಗಾಯಿತು. ನೋಡನೋಡುತ್ತಾ ನಡುವಿನ ಜ್ವಾಲೆಗಳು ಸೇರಿ ಗೇಣುದ್ದ ಎದ್ದವು. ನನ್ನ ಕೈಯಲ್ಲಿ ನೀರಿನ ತಂಬಿಗೆ. ಹಾಕೇಬಿಡುತ್ತಿದ್ದೆ. ನಮ್ಮನೆಯವರು ಕೈ ಹಿಡಿದು ತಡೆದು, ಹಿಟ್ಟು ನಾದುವ ಪರಾತ ತಂದು ಬೋರಲು ಮುಚ್ಚಿದರು. ಎರಡು ನಿಮಿಷಕ್ಕೆ ಆರಿತು. ಕಾದ ಮೇಣಕ್ಕೆ ನೀರು ಹಾಕಿದರೆ ಕಾದ ಎಣ್ಣೆಗೆ ನೀರು ಹಾಕಿದ ಹಾಗೇ, ಬೆಂಕಿ ಸಮೇತ ಸಿಡಿಯುತ್ತದೆ. ಅವತ್ತಿನಿಂದ ಎರಡು ಟೀ ಲೈಟ್ ನಡುವೆ ನಾಲ್ಕು ಬೆರಳು ಜಾಗ ಬಿಡುತ್ತೇನೆ. ಸೆರಗು ಸೊಂಟಕ್ಕೆ ಸಿಕ್ಕಿಸದೆ ಬೆಂಕಿಪೊಟ್ಟಣ ಮುಟ್ಟುವುದಿಲ್ಲ. ಪರಾತ ಕೈಗೆ ಸಿಗುವ ಹಾಗೆ ಪಕ್ಕದಲ್ಲೇ ಇರುತ್ತದೆ. ಬಂದವರಿಗೆ ಅದೂ ಅಲಂಕಾರ ಅನಿಸಿರಬೇಕು.

ಟೀ ಲೈಟ್‌ಗೆ ನನಗೆ ಇಷ್ಟವಾದ ಜಾಗ ಮೆಟ್ಟಿಲು. ಹೋಟೆಲಿನಲ್ಲಿ ಚಹಾ ಕೊಡುವ ಗಾಜಿನ ಗ್ಲಾಸಿನ ತಳಕ್ಕೆ ಎರಡು ಬೆರಳು ಕಲ್ಲುಪ್ಪು ಹಾಕಿ, ಮೇಲೆ ಟೀ ಲೈಟ್ ಇಟ್ಟರೆ ಉಪ್ಪಿನ ಹರಳಿಗೆ ಬೆಳಕು ಬಿದ್ದು ಮಿನುಗುತ್ತದೆ. ಗಾಜಿನ ಗೋಡೆ ಗಾಳಿ ತಡೆಯುತ್ತದೆ. ಮೊದಲು ಉಪ್ಪಿನ ಬದಲು ಬಿಳಿಜೋಳ ಹಾಕಿದ್ದೆ. "ಉಣ್ಣೂ ಕಾಳಿಗೆ ಬೆಂಕಿ ಇಡತಿಯೇನ?" ಅಂತ ಅತ್ತೆ ಸಿಟ್ಟಾದರು. ಅವರ ಮಾತೇ ಸರಿ. ಕಾಳು ಸೀದರೆ ವಾಸನೆಯೂ ಬರುತ್ತದೆ.

ತೇಲುವ ಬತ್ತಿಗೆ ಹೆಚ್ಚು ಹೇಳುವುದಿಲ್ಲ. ಹಿತ್ತಾಳೆ ಘಂಗಾಳದಲ್ಲಿ ಮುಕ್ಕಾಲು ನೀರು, ನಾಲ್ಕು ಬತ್ತಿ, ಅಂಚಿಗೆ ಚೆಂಡುಹೂವಿನ ದಳ. ಬೇಸಿಗೆಯಲ್ಲೂ ಸಂಜೆ ಮಾಳಿಗೆ ಮೇಲೆ ಇದೊಂದು ನಡೆಯುತ್ತದೆ. ಹೂ ಜಾಸ್ತಿ ಹಾಕಿದರೆ ಬತ್ತಿಗೆ ತಾಗಿ ಸುಡುತ್ತದೆ, ಅಷ್ಟೇ.

ಮನೆಯಲ್ಲೇ ಮಾಡಲೂ ನೋಡಿದೆ. ಉಳಿದ ತುಂಡುಗಳನ್ನು ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿಯನ್ನು ಕುದಿಯುವ ನೀರಿನ ಪಾತ್ರೆಯಲ್ಲಿಟ್ಟು ಕರಗಿಸಬೇಕು. ನೇರ ಒಲೆ ಮೇಲೆ ಬೇಡವೇ ಬೇಡ. ಮಣ್ಣಿನ ಕುಡಿಕೆಗೆ ಹೊಯ್ದೆ, ನೋಡಲು ಚಂದ. ಆದರೆ ಕುಡಿಕೆ ಮೇಣ ಹೀರಿ, ಉರಿಯುವಾಗ ಹೊರಗೆಲ್ಲ ಬೆವೆತ ಹಾಗೆ ಜಿಡ್ಡು ಬಂತು. ದೇವರಿಗೆ ಹಚ್ಚುವ ಹತ್ತಿ ಬತ್ತಿಯನ್ನೇ ನಡುವೆ ನಿಲ್ಲಿಸಿದ್ದು ಇನ್ನೊಂದು ತಪ್ಪು. ಅದು ಎಣ್ಣೆಗೆ ಸರಿ. ಮೇಣದಲ್ಲಿ ಬಾಗಿ, ಮುಳುಗಿ ಆರಿತು. ಹೆಣೆದ ದಾರವೇ ಬೇಕು.

ವಾಸನೆ ಬತ್ತಿಯ ಕಥೆ ಬೇರೆ. ಗುಲಾಬಿ ವಾಸನೆಯ ಸೋಯಾ ಮೇಣದ ಜಾರ್ ಮೇ ತಿಂಗಳಲ್ಲಿ ತರಿಸಿದೆ. ಡಬ್ಬಿ ತೆರೆದರೆ ಅರ್ಧ ನೀರು, ದಾರ ಒಂದು ಮೂಲೆಯಲ್ಲಿ. ಮಾಮೂಲಿ ಪ್ಯಾರಾಫಿನ್ ಬತ್ತಿ 50ರಿಂದ 60 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಜಾರಿಗೆ ಹಾಕುವ ಸೋಯಾ ಇನ್ನೂ ಬೇಗ. ನಮ್ಮ ಬಿಸಿಲು 42, 43 ಮುಟ್ಟುವಾಗ ಮುಚ್ಚಿದ ಗಾಡಿಯೊಳಗೆ ಎಷ್ಟಿರಬೇಡ! ಜೇನುಮೇಣ 62 ಡಿಗ್ರಿ ದಾಟಿದ ಮೇಲೇ ಕರಗುವುದು, ಬಿಸಿಲಿಗೆ ತಡೆಯುತ್ತದೆ. ಬೆಲೆ ಮಾತ್ರ ತಡೆಯಲಾಗದು.

ಅಕ್ಕನ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ನನ್ನನ್ನು ಅಲಂಕಾರಕ್ಕೆ ಕರೆದಾಗ ಮಾತ್ರ ಬೆಂಕಿ ಇಲ್ಲದ ಬ್ಯಾಟರಿ ಬತ್ತಿ ಒಯ್ದೆ. ಮಕ್ಕಳು ಓಡಾಡುವ ಕಡೆ ಅದೇ ಸರಿ. ಅದರೊಳಗಿನ ಗುಂಡಿ ಸೆಲ್ ಮಕ್ಕಳು ನುಂಗಿದರೆ ತುಂಬಾ ಅಪಾಯ. ಹಾಗಾಗಿ ಮುಚ್ಚಳಕ್ಕೆ ಸ್ಕ್ರೂ ಇರುವುದನ್ನೇ ನೋಡಿ ತಗೊಂಡೆ.

ಸಂಕ್ರಾಂತಿ ಮುಗಿದ ಮೇಲೆ ಎಲ್ಲ ಎತ್ತಿಡುವುದು. ಮೊದಲ ವರ್ಷ ತಗಡಿನ ಕೆಳಗಿನ ಅಟ್ಟದಲ್ಲಿಟ್ಟೆ. ಜೂನ್‌ನಲ್ಲಿ ತೆಗೆದರೆ ಉದ್ದ ಬತ್ತಿಗಳೆಲ್ಲ ಬೆನ್ನು ಬಗ್ಗಿಸಿ ನಮಸ್ಕಾರ ಮಾಡುತ್ತಿದ್ದವು. ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ, ಫರಸಿ ಮೇಲೆ ಚಪಾತಿ ಕೋಲಿನ ಹಾಗೆ ಹೊರಳಿಸಿ ನೆಟ್ಟಗೆ ಮಾಡಿದೆ. ಈಗ ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ, ಅಡ್ಡಲಾಗಿ ಮಲಗಿಸಿ, ಮಂಚದ ಕೆಳಗಿನ ಟ್ರಂಕಿನಲ್ಲಿ ಕೌದಿಗಳ ನಡುವೆ ಇಡುತ್ತೇನೆ. ಕಲ್ಲಿನ ನೆಲದ ತಂಪಿಗೆ ಏನೂ ಆಗುವುದಿಲ್ಲ. ಕೌದಿಗೆಲ್ಲ ಗುಲಾಬಿ ವಾಸನೆ ಹಿಡಿದದ, ನಿದ್ದಿ ಬರಂಗಿಲ್ಲ ಅಂತ ಅತ್ತೆ ಚಳಿಗಾಲ ಬಂದಾಗೊಮ್ಮೆ ಬೈಯುತ್ತಾರೆ.