ಬರೀ ಅರಳುಮರಳೋ, ಡಿಮೆನ್ಷಿಯಾವೋ? ಮನೆಯಲ್ಲೇ ಗಮನಿಸುವ ಬಗೆ

‘ಅರವತ್ತಕ್ಕೆ ಅರಳುಮರಳು’ ಎಂದು ನಕ್ಕು ಸುಮ್ಮನಾಗುವ ಮನೆಗಳಲ್ಲಿ ಡಿಮೆನ್ಷಿಯಾ, ಅಂದರೆ ನೆನಪು, ಯೋಚನೆ, ನಡವಳಿಕೆ ದಿನದ ಬದುಕಿಗೆ ತೊಡಕಾಗುವಷ್ಟು ಕುಂದುವ ಸ್ಥಿತಿ, ಪತ್ತೆಯಾಗುವುದು ತಡವಾಗಿಯೇ. ‘ಅಜ್ಜಿಗೆ ಮದುವೆ ಊಟದಲ್ಲಿ ಬಡಿಸಿದ್ದೆಲ್ಲ ನೆನಪಿದೆ, ತಲೆಗೇನಾಗಿದೆ?’ ಎಂಬ ಸಮಾಧಾನವೂ ಬೇಡ. ಡಿಮೆನ್ಷಿಯಾದ ಅತಿ ಸಾಮಾನ್ಯ ಬಗೆಯಾದ ಆಲ್ಝೈಮರ್ಸ್‌ನಲ್ಲಿ ಮೊದಲು ಜಾರುವುದು ಇವತ್ತು ಬೆಳಗಿನ ನೆನಪು. ಹಳೆಯದು ಬಹಳ ಕಾಲ ಉಳಿಯುತ್ತದೆ. ಹಾಗಾಗಿ ‘ನಾನ್ಯಾರು ಹೇಳು?’ ಎಂಬ ಪರೀಕ್ಷೆ ನಿಷ್ಪ್ರಯೋಜಕ. ಅವರಿಗೆ ಅವಮಾನ ಬೇರೆ.

ಮೊದಲು ಒಂದು ನೋಟ್‌ಬುಕ್ ಇಡಿ. ಮೂರು–ನಾಲ್ಕು ವಾರ ದಿನಾಂಕ, ಹೊತ್ತು, ನಡೆದದ್ದು ಇಷ್ಟನ್ನೇ ಬರೆಯಿರಿ. ‘ಮರೆವು ಜಾಸ್ತಿ’ ಎಂದರೆ ವೈದ್ಯರಿಗೆ ಏನೂ ತಿಳಿಯದು. ‘ಅರ್ಧ ಗಂಟೆಯಲ್ಲಿ ನಾಲ್ಕು ಸಲ ಗ್ಯಾಸ್ ಬಂತಾ ಅಂದರು’ ಎಂದರೆ ತಿಳಿಯುತ್ತದೆ. ಕನ್ನಡಕ ಇಟ್ಟ ಜಾಗ ಮರೆಯುವುದು ವಯಸ್ಸು. ಅದು ಫ್ರಿಜ್‌ನಲ್ಲಿ ಸಿಕ್ಕು, ಕೆಲಸದವಳೇ ಕದ್ದಳೆಂಬ ಹಟ ಜೊತೆಗೂಡಿದರೆ ಬರೆದಿಡಿ. ಹೋಲಿಸುವುದು ಪಕ್ಕದ ಮನೆಯವರ ಜೊತೆಗಲ್ಲ, ಅವರದೇ ಎರಡು ವರ್ಷದ ಹಿಂದಿನ ಚುರುಕಿನ ಜೊತೆ.

ನಂತರ, ಹಲವು ಹಂತಗಳಿರುವ ಪರಿಚಿತ ಕೆಲಸವೊಂದನ್ನು ದೂರದಿಂದ ನೋಡಿ. ಫಿಲ್ಟರ್ ಕಾಫಿ ಇದಕ್ಕೆ ಹೇಳಿ ಮಾಡಿಸಿದ್ದು. ಪುಡಿ ಹಾಕದೆ ಬಿಸಿನೀರು ಸುರಿಯುವುದು, ಸಕ್ಕರೆ ಎರಡು ಸಲ ಬೀಳುವುದು, ಡಿಕಾಕ್ಷನ್ ಇಳಿದ ಮೇಲೆ ಮುಂದೇನು ಎಂದು ಲೋಟ ಹಿಡಿದು ನಿಲ್ಲುವುದು: ತಪ್ಪುವುದು ಹೆಚ್ಚಾಗಿ ಹಂತಗಳ ಸರಣಿ. ನೀವು ನಡುವೆ ಕೈಹಾಕಿದರೆ ಏನೂ ಗೊತ್ತಾಗದು. ಇನ್ನೊಂದು ಸೂಕ್ಷ್ಮ: ಪ್ರಶ್ನೆ ಕೇಳಿದೊಡನೆ ಉತ್ತರಕ್ಕಾಗಿ ಪ್ರತಿಸಲವೂ ಗಂಡನ ಅಥವಾ ಹೆಂಡತಿಯ ಮುಖ ನೋಡುತ್ತಾರೆಯೇ? ಜೊತೆಗಾರರು ಗೊತ್ತಿಲ್ಲದೆಯೇ ಕೊರತೆ ಮುಚ್ಚುತ್ತಿರುತ್ತಾರೆ.

ಡಿಮೆನ್ಷಿಯಾದ ಎಲ್ಲ ಬಗೆಯೂ ಮರೆವಿನಿಂದಲೇ ಶುರುವಾಗದು. ಸಂಕೋಚ ಸ್ವಭಾವದವರು ಐವತ್ತೈದಕ್ಕೇ ಲಜ್ಜೆಬಿಟ್ಟು ವರ್ತಿಸಿದರೆ, ಇಲ್ಲದ ಮಕ್ಕಳು ಮನೆಯೊಳಗೆ ಕಂಡರೆ, ಅದೂ ಸೂಚನೆಯೇ.

ಗೊಂದಲ ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಬಂದಿದ್ದರೆ ನೋಟ್‌ಬುಕ್ ಬದಿಗಿಟ್ಟು ಆಸ್ಪತ್ರೆಗೆ ಓಡಿ. ಸೋಂಕು, ಸೋಡಿಯಂ ಕುಸಿತ, ಪಾರ್ಶ್ವವಾಯು ಇರಬಹುದು. ಕೆಲವು ವಾರಗಳ ಹಿಂದೆ ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾಗಿದ್ದರೆ ಅದನ್ನು ಹೇಳಲೇಬೇಕು. ಮಿದುಳಿನ ಮೇಲೆ ನಿಧಾನವಾಗಿ ರಕ್ತ ತುಂಬಿರಬಹುದು.

ವೈದ್ಯರು ಬಿ12, ಥೈರಾಯ್ಡ್, ಸೋಡಿಯಂ, ಸಕ್ಕರೆ ಪರೀಕ್ಷೆ ಬರೆಯುವುದಕ್ಕೆ ಕಾರಣವಿದೆ: ಡಿಮೆನ್ಷಿಯಾದ ವೇಷ ಹಾಕುವ, ಸರಿಪಡಿಸಬಹುದಾದ ಕಾಯಿಲೆಗಳು ಅಲ್ಲಿ ಸಿಗುತ್ತವೆ. ಖಿನ್ನತೆ, ಕಿವುಡುತನವೂ ಅದೇ ಸಾಲಿನವು. ನಿದ್ದೆ, ನೆಗಡಿ, ಮೂತ್ರಕೋಶದ ಕೆಲವು ಮಾತ್ರೆಗಳೂ ಮಂಕು ಕವಿಸುತ್ತವೆ. ಆದ್ದರಿಂದ ಮನೆಯಲ್ಲಿರುವ ಮಾತ್ರೆ ಸ್ಟ್ರಿಪ್‌ಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಜೊತೆಗೆ ಹೋಗಬೇಕಾದವರು ಹಬ್ಬಕ್ಕೆ ಬರುವ ಮಗನಲ್ಲ, ದಿನವೂ ಜೊತೆಗಿರುವವರು. ವೈದ್ಯರ ಬಳಿ ಐದು ನಿಮಿಷ ಬೇರೆಯಾಗಿ ಮಾತಾಡಲು ಕೇಳಿ. ಎಲ್ಲಿಗೆ ಹೋಗುವುದೆಂದು ತೋಚದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567.