ಕಲ್ಪನೆಯ ದೇಶಕ್ಕೊಂದು ಹಳೆಯ ರಾಜಧಾನಿ: ಅದರ ಸಾಂಸ್ಕೃತಿಕ ಬದುಕನ್ನು ಕಟ್ಟುವ ಬಗೆ

ಕಾದಂಬರಿಗೋ ನಾಟಕಕ್ಕೋ ಇಲ್ಲದ ದೇಶವೊಂದನ್ನು ಕಟ್ಟುವವರು ಅದರ ಹಳೆಯ ವಸಾಹತು ರಾಜಧಾನಿಗೆ ಕಂಬಗಳ ಸಾಲು, ಗಡಿಯಾರದ ಗೋಪುರ, ಒಂದು ಕಾಫಿ ಅಂಗಡಿ ಇಟ್ಟು ಕೈತೊಳೆದುಕೊಳ್ಳುತ್ತಾರೆ. ಆಳಿದವರು ಹೋದ ಮೇಲೆ ಆ ಕಟ್ಟಡಗಳ ಬೀಗದಕೈ ಯಾರಿಗೆ ಸಿಕ್ಕಿತು, ಸೋರುವ ಸೂರನ್ನು ಯಾರು ರಿಪೇರಿ ಮಾಡಿಸುತ್ತಾರೆ ಎಂಬಲ್ಲಿಂದ ಕೆಲಸ ಶುರು ಮಾಡಿ. ಊರಿನ ಹಾಡು, ನಾಟಕ, ಜಗಳ ಎಲ್ಲ ಅದರ ಹಿಂದೆಯೇ ಬರುತ್ತವೆ.

ಮೊದಲು ಎರಡು ಇಸವಿ ಬರೆದಿಟ್ಟುಕೊಳ್ಳಿ: ರಾಜಧಾನಿಯ ಪಟ್ಟ ಹೋದದ್ದು, ದೇಶ ಸ್ವತಂತ್ರವಾದದ್ದು. ಯಾವುದು ಮೊದಲು ಎಂಬುದು ಊರಿನ ಸ್ವಭಾವವನ್ನೇ ಬದಲಿಸುತ್ತದೆ. ಕಲ್ಕತ್ತೆಯಿಂದ ರಾಜಧಾನಿಯನ್ನು ದೆಹಲಿಗೆ ಒಯ್ಯುವ ಘೋಷಣೆ ಆದದ್ದು 1911ರಲ್ಲಿ, ಸ್ವಾತಂತ್ರ್ಯ ಬಂದದ್ದು 1947ರಲ್ಲಿ. ನಡುವಿನ 36 ವರ್ಷ ಅಧಿಕಾರ ಕಳೆದುಕೊಂಡ ಊರಿನಲ್ಲಿ ಪರಕೀಯರ ಆಳ್ವಿಕೆ ಮಾತ್ರ ಉಳಿದಿತ್ತು. ವಿಕ್ಟೋರಿಯಾ ಮೆಮೋರಿಯಲ್ ಬಾಗಿಲು ತೆರೆದದ್ದೂ 1921ರಲ್ಲಿ, ಪಟ್ಟ ಹೋದ ಹತ್ತು ವರ್ಷಕ್ಕೆ. ರಂಗೂನಿನ ಕತೆ ತಿರುಗುಮುರುಗು. ಬರ್ಮಾ 1948ರಲ್ಲೇ ಸ್ವತಂತ್ರವಾಯಿತು, ಸರ್ಕಾರಿ ಕಚೇರಿಗಳು ರಂಗೂನಿನಿಂದ ಹೊಸ ರಾಜಧಾನಿ ನೇಪಿಡೋಗೆ ಹೊರಟದ್ದು 2005ರ ಕೊನೆಗೆ. ಅಲ್ಲಿ ಕಟ್ಟಡಗಳನ್ನು ಖಾಲಿ ಮಾಡಿದ್ದು ಸ್ವಂತ ಸರ್ಕಾರ. ನಿಮ್ಮ ಊರಿನ ಸಿಟ್ಟು ಯಾರ ಮೇಲಿದೆ ಎಂಬುದು ಇಲ್ಲಿ ತೀರ್ಮಾನವಾಗಬೇಕು.

ಆಮೇಲೆ ಹನ್ನೆರಡು ಕಟ್ಟಡ ಆರಿಸಿ, ಹೆಚ್ಚು ಬೇಡ. ಪ್ರತಿಯೊಂದಕ್ಕೂ ಕಟ್ಟಿಸಿದವರು, ದುಡ್ಡಿನ ಮೂಲ, ಈಗಿನ ಬಳಕೆ, ಈಗಿನ ಮಾಲೀಕರು ಎಂದು ನಾಲ್ಕು ಸಾಲು ಬರೆಯಿರಿ. ಕನಿಷ್ಠ ನಾಲ್ಕಾದರೂ ಸ್ಥಳೀಯರೇ ಕಟ್ಟಿಸಿದ್ದಾಗಿರಲಿ. ಇಲ್ಲಿ ಎಡವುವವರೇ ಹೆಚ್ಚು: ಸಂಸ್ಕೃತಿಯನ್ನೆಲ್ಲ ಬಿಳಿಯರ ಬೀದಿಯಲ್ಲಿ ಇಟ್ಟುಬಿಡುತ್ತಾರೆ. ಕಲ್ಕತ್ತೆಯ ಜೀವ ಇದ್ದದ್ದು ಉತ್ತರದ ಗಲ್ಲಿಗಳಲ್ಲಿ, ಚಿತ್ಪುರ, ಜೋಡಾಸಾಂಕೊ, ಕುಮಾರಟುಲಿ ಕಡೆ. ಕಾಲೇಜ್ ಸ್ಟ್ರೀಟಿನ ಕಾಫಿ ಹೌಸ್ ಕೂಡ ಹಿಂದೆ ಆಲ್ಬರ್ಟ್ ಹಾಲ್ ಎಂಬ ಸಭಾಂಗಣ. ಅದನ್ನು ಈಗ ನಡೆಸುತ್ತಿರುವುದು ನೌಕರರ ಸಹಕಾರ ಸಂಘ.

ಮುಂದೆ ಲೆಕ್ಕ. ನಾಣ್ಯದ ಹೆಸರು ಹುಡುಕುತ್ತ ಕೂರುವ ಬದಲು ಒಂದು ಊಟದ ಬೆಲೆಯನ್ನೇ ಅಳತೆಯಾಗಿಟ್ಟುಕೊಳ್ಳಿ. 300 ಆಸನದ ರಂಗಮಂದಿರ, ತುಂಬಿದ್ದು 180, ಟಿಕೆಟ್ ಎರಡು ಊಟದ ಬೆಲೆ. ಬಂದದ್ದು 360 ಊಟ. ಬಾಡಿಗೆ 120, ಬೆಳಕು ಮತ್ತು ಧ್ವನಿಗೆ 80, ರಂಗಸಜ್ಜಿಕೆ ಸಾಗಾಟ 40, ಜಾಹೀರಾತು 40. ಉಳಿದ 80 ಊಟವನ್ನು 14 ಜನ ಹಂಚಿಕೊಂಡರೆ ತಲೆಗೆ ಆರೂ ಇಲ್ಲ. ಅಂದರೆ ನಾಯಕನಟ ಹಗಲು ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿಯಲೇಬೇಕು, ತಾಲೀಮು ಸಂಜೆಯಾದ ಮೇಲೆ, ಪ್ರದರ್ಶನ ಮುಗಿಯುವುದು ಕೊನೆಯ ಬಸ್ಸಿಗೆ ಮುಂಚೆ. ಪಾತ್ರಗಳ ದಿನಚರಿ ಈ ಲೆಕ್ಕದಿಂದ ತಾನಾಗಿ ಹುಟ್ಟುತ್ತದೆ. ಲೆಕ್ಕ ಹೊಂದದಿದ್ದರೆ ಒಬ್ಬ ಪೋಷಕನನ್ನು ತನ್ನಿ: ಹಳೆಯ ಜಮೀನ್ದಾರ, ಕಾರ್ಮಿಕ ಸಂಘ, ವಿದೇಶಿ ರಾಯಭಾರ ಕಚೇರಿ. ಅವನು ಬದಲಿಗೆ ಏನು ಕೇಳುತ್ತಾನೆ ಎಂಬುದನ್ನೂ ಬರೆದುಬಿಡಿ.

ವರ್ಷದ ಪಂಚಾಂಗಕ್ಕೆ ಹವಾಮಾನವೇ ಆಧಾರ. ಕಲ್ಕತ್ತೆಯಲ್ಲಿ ಅಹೋರಾತ್ರಿ ಸಂಗೀತ ಸಮ್ಮೇಳನ, ಪುಸ್ತಕ ಮೇಳ ಎಲ್ಲ ಚಳಿಗಾಲಕ್ಕೆ. ರಥಯಾತ್ರೆಯ ದಿನ ಚಿತ್ಪುರದ ಜಾತ್ರಾ (ಬಂಗಾಳದ ಜನಪದ ನಾಟಕ) ಮೇಳಗಳು ಮುಂದಿನ ಆಟಗಳ ಬುಕಿಂಗ್ ಶುರು ಮಾಡುತ್ತವೆ, ಮಳೆಗಾಲವಿಡೀ ಕುಮಾರಟುಲಿಯಲ್ಲಿ ಜೇಡಿಮಣ್ಣಿನ ಮೂರ್ತಿ ಒಣಗಿಸುವ ಹೆಣಗಾಟ. ನಿಮ್ಮ ಊರಲ್ಲೂ ಎರಡು ತಿಂಗಳು ಏನೂ ನಡೆಯದಿರಲಿ.

ಭಾಷೆಯನ್ನು ಎರಡಕ್ಕೇ ನಿಲ್ಲಿಸಬೇಡಿ. ರಾಜಧಾನಿಯೆಂದರೆ ದೂರದ ಪ್ರಾಂತ್ಯಗಳ ನುಡಿಗೂ ಅಚ್ಚಿನ ಮೊಳೆ ಸಿಗುವ ಜಾಗ. ಇಂಗ್ಲಿಷ್ ಪಾದ್ರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಕಲ್ಕತ್ತೆಯ ಪಕ್ಕದ, ಆಗ ಡೇನರ ಕೈಯಲ್ಲಿದ್ದ ಸೆರಾಂಪುರದಲ್ಲಿ. 1795ರಲ್ಲಿ ಕಲ್ಕತ್ತೆಯಲ್ಲಿ ಬಂಗಾಳಿ ನಾಟಕ ಆಡಿಸಿದವನು ಗೆರಾಸಿಮ್ ಲೆಬೆಡೆಫ್ ಎಂಬ ರಷ್ಯನ್. ಇಂಥ ಅನಿರೀಕ್ಷಿತ ಹೊರಗಿನವರು ಇಬ್ಬರಾದರೂ ನಿಮ್ಮ ಊರಿನ ಚರಿತ್ರೆಯಲ್ಲಿ ಇರಲಿ.

ಕಾನೂನನ್ನು ಮರೆಯುವವರೇ ಬಹಳ. 1876ರ ನಾಟಕ ಪ್ರದರ್ಶನ ಕಾಯ್ದೆಯನ್ನು ಬ್ರಿಟಿಷರು ತಂದದ್ದು ರಂಗಭೂಮಿಯ ಬಾಯಿ ಕಟ್ಟಲು; ಸ್ವಾತಂತ್ರ್ಯ ಬಂದು ದಶಕಗಳು ಕಳೆದರೂ ಅದು ಕಾನೂನು ಪುಸ್ತಕದಲ್ಲಿ ಉಳಿದಿತ್ತು. ನಿಮ್ಮ ದೇಶದಲ್ಲೂ ಹೊಸ ಸರ್ಕಾರ ಬಳಸಿಕೊಳ್ಳುವ ಹಳೆಯ ಕಾಯ್ದೆಯೊಂದಿರಲಿ, ಅನುಮತಿ ಪತ್ರಕ್ಕೆ ಎಷ್ಟು ದಿನ, ಎಷ್ಟು ಮೊಹರು ಎಂಬುದೂ ನಿಗದಿಯಾಗಲಿ.

ಬೀದಿಗಳಿಗೆ ಎರಡೆರಡು ಹೆಸರು ಕೊಡಿ. ಹ್ಯಾರಿಸನ್ ರೋಡ್ ಮಹಾತ್ಮ ಗಾಂಧಿ ರಸ್ತೆಯಾಯಿತು; ಅಮೆರಿಕದ ದೂತಾವಾಸವಿರುವ ಹ್ಯಾರಿಂಗ್‌ಟನ್ ಸ್ಟ್ರೀಟಿಗೆ ಅಮೆರಿಕದ ವಿರುದ್ಧ ಹೋರಾಡಿದ ವಿಯೆಟ್ನಾಂ ನಾಯಕ ಹೋ ಚಿ ಮಿನ್ ಹೆಸರು ಬಂತು. ಯಾವ ಪಾತ್ರ ಯಾವ ಹೆಸರು ಬಳಸುತ್ತದೆ ಎಂಬ ಪಟ್ಟಿ ಪಕ್ಕದಲ್ಲಿರಲಿ: ಅಂಚೆಯವನಿಗೆ ಹೊಸದು, ರಿಕ್ಷಾದವನಿಗೆ ಹಳೆಯದು, ಸಭೆಯಲ್ಲಿ ಮಾತಾಡುವಾಗ ಒಂದು, ಮನೆಯಲ್ಲಿ ಇನ್ನೊಂದು.