ಇಟಲಿಯ ಹಳೇ ಮದುವೆ ಕಾಮಿಡಿಗಳನ್ನ ಮನೆಮಂದಿ ಜೊತೆ ನೋಡೋದ್ ಹೆಂಗೆ

ಭಾನುವಾರ ಮಧ್ಯಾಹ್ನ ಮುದ್ದೆ ಬಸ್ಸಾರು ಉಂಡ್ಮೇಲೆ ಹಾಕ್ಬೇಡಿ, ಕಣ್ಣು ಎಳೀತವೆ, ಸಂಜೆ ಕಾಫಿ ಆದ್ಮೇಲೆ ಹಾಕಿ. ಕಾಫಿ ಕುಡೀವಾಗ್ಲೇ ಕಾನೂನು ಹೇಳ್ಬಿಡಿ, ಯಾಕಂದ್ರೆ ಅದು ಗೊತ್ತಿಲ್ದಿದ್ರೆ ಅರ್ಧ ನಗು ಕೈತಪ್ಪತ್ತೆ. 1970ರ ಡಿಸೆಂಬರ್‌ವರೆಗೂ ಇಟಲೀಲಿ ಡೈವೋರ್ಸೇ ಇರ್ಲಿಲ್ಲ, ಆದ್ರೆ ಹೆಂಡ್ತಿ ಇನ್ನೊಬ್ಬನ ಜೊತೆ ಇರೋದು ಕಂಡು ಆ ಸಿಟ್ಟಲ್ಲಿ ಗಂಡ ಕೊಂದ್ರೆ ಬರೀ 3ರಿಂದ 7 ವರ್ಷ ಜೈಲು, ಮರ್ಯಾದೆ ಹೋಯ್ತಲ್ಲ ಅಂತ ರಿಯಾಯ್ತಿ. ಆ 587ನೇ ಕಲಂ ತೆಗೆದಿದ್ದು 1981ರಲ್ಲಿ!

ಶುರು ಮಾಡೋದು ಪಿಯೆತ್ರೊ ಜೆರ್ಮಿ ಡೈರೆಕ್ಟ್ ಮಾಡಿದ 'ಡೈವೋರ್ಸ್ ಇಟಾಲಿಯನ್ ಸ್ಟೈಲ್'ನಿಂದ. 1961ರದ್ದು, ಬ್ಲಾಕ್ ಅಂಡ್ ವೈಟ್, ಚಿತ್ರಕಥೆಗೆ ಆಸ್ಕರ್ ಬಂದಿದೆ. ಇಟಲಿಯ ದಕ್ಷಿಣದ ದ್ವೀಪ ಸಿಸಿಲಿಯ ಒಂದು ಸಣ್ಣ ಊರು, ಅಲ್ಲಿ ಹೆಸರಿಗಷ್ಟೇ ಉಳಿದಿರೋ ಬ್ಯಾರನ್, ಅಂದ್ರೆ ಜಮೀನ್ದಾರ, ಫೆಫೆಗೆ ಹೆಂಡ್ತಿ ಬೇಡ, ನೆಂಟರ ಹುಡುಗಿ ಬೇಕು, ಅದಕ್ಕೇ ಹೆಂಡ್ತಿಗೆ ಒಬ್ಬ ಪ್ರಿಯಕರನ್ನ ತಾನೇ ಹುಡುಕೋಕೆ ಹೊರಡ್ತಾನೆ. ಫೆಫೆ ಪಾತ್ರ ಮಾಡಿರೋ ಮಾಸ್ಟ್ರೊಯಾನಿಯ ಬಾಯಿ ಮೂಲೆ ನೋಡ್ತಾ ಇರಿ, ಆಗಾಗ ತುಟಿ ಸೊಟ್ಟ ಮಾಡಿ 'ಚಿಕ್' ಅಂತ ಎಳ್ಕೊತಾನೆ. ನಮ್ಮಮ್ಮ ಅದನ್ನ ನನಗಿಂತ ಮೊದ್ಲೇ ಹಿಡಿದು "ಈ ಮುಂಡೇದು ಏನೋ ಲೆಕ್ಕ ಹಾಕ್ತಾ ಅದೆ ಕಣೋ" ಅಂದ್ಲು, ಮಂಡ್ಯದೋಳು ನೋಡಿ, ಅರಳಿಕಟ್ಟೆ ಮೇಲೆ ಕೂತ್ಕೊಂಡು ಯಾರ ಮನೇಗೆ ಯಾರು ಬಂದ್ರು ಅಂತ ಲೆಕ್ಕ ಇಡೋರ್ನ ಕಂಡು ಬೆಳೆದೋಳು.

ಹೀರೋ ಒಬ್ಬನ್ನೇ ನೋಡ್ಬೇಡಿ, ಊರನ್ನ ನೋಡಿ. ಊರಿಗೆ 'ಲಾ ದೋಲ್ಚೆ ವೀಟಾ' ಸಿನಿಮಾ ಬರತ್ತೆ, ಪಾದ್ರಿ ಹೋಗ್ಬೇಡಿ ಅಂತ ಪ್ರವಚನ ಕೊಡ್ತಾರೆ, ಊರಿಗೂರೇ ಟಾಕೀಸಲ್ಲಿ ತುಂಬ್ಕೊಳತ್ತೆ, ಆ ಸಿನಿಮಾಗೂ ಹೀರೋ ಮಾಸ್ಟ್ರೊಯಾನಿನೇ ಅನ್ನೋದು ನೆನಪಿರ್ಲಿ. ಹೆಂಡ್ತಿ ಓಡಿಹೋದ್ಮೇಲೆ ಹೆಸರಿಲ್ಲದ ಕಾಗದಗಳು ಬಂದು ಬೀಳ್ತವೆ, ಇವನ್ಯಾಕೆ ಇನ್ನೂ ಸುಮ್ನಿದಾನೆ ಅಂತ. ಅಲ್ಲಿ ನಮ್ಮನೇಲಿ ಎಲ್ರೂ ಬಿದ್ದು ಬಿದ್ದು ನಕ್ರು.

ಸಬ್‌ಟೈಟಲ್ ಇಂಗ್ಲಿಷಲ್ಲಿರತ್ತೆ, ಮಾತು ಮಶೀನಿನಂಗೆ ಓಡತ್ತೆ, ಹಿರಿಯರಿದ್ರೆ ಒಬ್ರು ರಿಮೋಟ್ ಹಿಡ್ಕೊಂಡು ಕನ್ನಡದಲ್ಲಿ ಹೇಳ್ತಾ ಹೋಗ್ಬೇಕು. ಪದಪದ ಬೇಡ, ತಾತ್ಪರ್ಯ ಸಾಕು.

'ಸೆಡ್ಯೂಸ್ಡ್ ಅಂಡ್ ಅಬಾಂಡನ್ಡ್', 1964ರದ್ದು, ಇನ್ನೊಂದು ವಾರಕ್ಕಿಟ್ಕೊಳ್ಳಿ. ನನ್ ಪ್ರಕಾರ ಇದೇ ದೊಡ್ಡ ಸಿನಿಮಾ. ಅಕ್ಕನಿಗೆ ನಿಶ್ಚಯ ಆಗಿರೋ ಗಂಡೇ ತಂಗಿನ ಕೆಡಿಸ್ತಾನೆ, ಆಮೇಲೆ ಕೆಟ್ಟ ಹುಡುಗೀನ ನಾನ್ಯಾಕೆ ಮದ್ವೆ ಆಗ್ಲಿ ಅಂತಾನೆ! ಅಪ್ಪನಿಗೆ ಮಗಳ ಸಂಕಟ ಕಾಣಲ್ಲ, ಮನೆತನದ ಹೆಸರೊಂದೇ. ಆ ಅಪ್ಪನ ಪಾತ್ರಕ್ಕೆ ಸಾರೊ ಉರ್ಜಿಗೆ ಕಾನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಬೆಸ್ಟ್ ಆಕ್ಟರ್ ಬಂತು. ಪೊಲೀಸ್ ಅಧಿಕಾರಿ ಒಬ್ರು ಗೋಡೆಮೇಲಿನ ಇಟಲಿ ಮ್ಯಾಪಲ್ಲಿ ಸಿಸಿಲೀನ ಅಂಗೈಲಿ ಮುಚ್ಚಿ ನೋಡ್ತಾರೆ, ಅಲ್ಲಿ ಸ್ವಲ್ಪ ನಿಲ್ಸಿ ನೋಡಿ.

ಇದೆಲ್ಲ ಸಿಸಿಲೀಲಿ ಮಾತ್ರ ಅಂತ ಯಾರಾದ್ರೂ ಅಂದ್ರೆ ಮೂರನೇದಕ್ಕೆ ಉತ್ತರದ ತ್ರೆವಿಜೊದಲ್ಲಿ ತೆಗೆದ 'ಸಿನ್ಯೋರೆ ಎ ಸಿನ್ಯೋರಿ' ಹಾಕಿ, 1966ರದ್ದು, ಮಕ್ಕಳು ಮಲಗಿದ್ಮೇಲೆ.

ಎರಡನೇದು ಮುಗಿಯೋಷ್ಟರಲ್ಲಿ ನಗು ನಿಂತಿರತ್ತೆ. ನಮ್ಮಮ್ಮ ಕೇಳಿದ್ದು, "ಆ ಹುಡುಗಿ ಇವನು ಬೇಡ ಅಂದಿದ್ರೆ?" ಆಗ ಫ್ರಾಂಕಾ ವಿಯೋಲಾ ವಿಷ್ಯ ಹೇಳಿ. 1965ರ ಡಿಸೆಂಬರಲ್ಲಿ ಸಿಸಿಲಿಯ ಅಲ್ಕಾಮೊದಿಂದ ಅವಳನ್ನ ಎತ್ಕೊಂಡು ಹೋಗಿ ಕೆಡಿಸಿದ್ರು, ಕೆಡಿಸಿದವನನ್ನೇ ಮದ್ವೆ ಆದ್ರೆ ಅವನ ಮೇಲಿನ ಕೇಸು ಬಿದ್ದೋಗ್ತಿತ್ತು, ಕಾನೂನೇ ಹಂಗಿತ್ತು. ಅವಳು ಆಗಲ್ಲ ಅಂದ್ಲು, ಅವಳಪ್ಪ ಮಗಳ ಪಕ್ಕ ನಿಂತ್ರು, 1966ರಲ್ಲಿ ಅವನು ಜೈಲಿಗೆ ಹೋದ.